ಕಾಲು ನೆಲ ಮುಟ್ಟಬಾರದು

…ಅಳಿಸಬೇಕು ಅಂದ್ರೆ ಅಳಿಸಬೇಕು, ಅಷ್ಟೇ! ಅದಕ್ಕೆ ಯಾಕೆ, ಏನು, ಎತ್ತ ಅಂತ ನಿಮಗೆ ವಿವರಣೆ ಬೇರೆ ಕೊಡಬೇಕಾ ನಾನು? ಒಂದು ಬಕೆಟ್ ನೀರು, ಒಂದು ಹಳೇ ಬಟ್ಟೆ. ಗುರುತು ಹಾಕೋಕೆ ಬಗ್ಗಿದ ಬೆನ್ನು ಅಳಿಸೋಕೆ ಬಗ್ಗಲ್ವಾ?... ಏನು, ಮೆಲ್ಲಗೆ ಮಾತಾಡಿ ಅಂತ ಕೈ ಆಡಿಸ್ತೀರಾ? ನನ್ನ ಮನೆ, ನನ್ನ ಹಿತ್ತಿಲು, ನನ್ನ ಗಂಟಲು! ಒಳಗೆ ತಾಯಿ ಮಗಳು ಇಬ್ಬರೂ ಹೊಲಿಗೆ ಮಿಷನ್ ಮುಂದೆ ಕೂತಿದ್ದಾರೆ. ಆ ಕಟಕಟದಲ್ಲಿ ಸಿಡಿಲು ಬಿದ್ರೂ ಅವರಿಗೆ ಕೇಳಿಸಲ್ಲ. ಆದ್ರೂ ಸರಿ, ಮೆಲ್ಲಗೇ ಹೇಳ್ತೀನಿ. ಕೂತ್ಕೊಳ್ಳಿ. ಅಲ್ಲಲ್ಲ, ಆ ಸ್ಟೂಲ್ ಮೇಲೆ. ನನ್ನ ಸೈಕಲ್‌ಗೆ ಒರಗಬೇಡಿ ಅಂತ ಎಷ್ಟು ಸಲ ಹೇಳ್ಲಿ!

ಅಳಿಯಂದ್ರೇ, ಒಂದು ಮಾತು ಕೇಳ್ತೀನಿ. ನಾನು ನಿಮಗೆ ಏನ್ ಕಮ್ಮಿ ಮಾಡಿದ್ದೆ? ಕೈ ಹಿಡಿದು ಗೆರೆ ಎಳೆಯೋದು ಕಲಿಸಿದೆ. ಮಗಳನ್ನ ಕೊಟ್ಟೆ. ಮದುವೆಗೆ ಮುಂಚೆ ಆಫೀಸಲ್ಲಿ 'ಸರ್, ಸರ್' ಅಂತ ಹಿಂದೆ ಹಿಂದೆ ಸುತ್ತುತಾ ಇದ್ರಿ, ನನ್ನ ಪೆನ್ಸಿಲ್ ಮೊನೆ ಮಾಡಿಕೊಡ್ತಿದ್ರಿ. ಈಗ ನಾನು ಎಳೆದ ಸೈಕಲ್ ದಾರಿ ಮೇಲೆ, ನಾನು ಎಳೆದ ದಾರಿ ಮೇಲೆ ಕಣ್ರೀ, ಚಾಕ್‌ಪೀಸ್ ಹಿಡ್ಕೊಂಡು ಮಂಡಿಯೂರಿ ಕೂತ್ರಲ್ಲ... ಹೊಟ್ಟೆಗೆ ಏನ್ ತಿಂತೀರಿ ನೀವು?

ಆಹಾ, ಪದ್ಧತಿ! ಆಫೀಸಿನ ಪದ್ಧತಿ ಅಂತ ತಾನೇ ನಿಮ್ಮ ಮನಸಲ್ಲಿ! ನನಗೆ ಹೇಳಿಕೊಡೋಕೆ ಬರಬೇಡಿ, ಆ ಪದ್ಧತಿ ತಂದವನೇ ನಾನು. ಸೈಕಲ್ ತುಳಿಯೋರನ್ನ ಚರಂಡಿ ಅಂಚಿಗೆ ತಳ್ಳಿ 'ಬದುಕಿದ್ರೆ ಬದುಕು' ಅಂತಿದ್ದ ಕಾಲದಲ್ಲಿ ದೊಡ್ಡ ಸಾಹೇಬರ ಮೇಜು ಕುಟ್ಟಿ ಹೇಳಿದವನು ನಾನು. ಗೆರೆ ಎಳೆದವನೇ ತುಳೀಬೇಕು! ಕಾರಲ್ಲಿ ಎಸಿ ಹಾಕ್ಕೊಂಡು ಕೂತು ಸೈಕಲ್ ದಾರಿ ಗೀಚೋ ಹಾಗಿಲ್ಲ. ಹಾಳೆ ಮೇಲೆ ದಾರಿ ಬರೆದವನು ತಾನೇ ಸೈಕಲ್ ಹತ್ತಿ ಈ ತುದಿಯಿಂದ ಆ ತುದಿವರೆಗೆ ತುಳೀಬೇಕು. ಎಲ್ಲಿ ಕಾಲು ನೆಲ ಮುಟ್ಟುತ್ತೋ ಅಲ್ಲಿ ಪಾದದ ಸುತ್ತ ಚಾಕ್‌ಪೀಸಲ್ಲಿ ಒಂದು ಸುತ್ತು ಹಾಕಬೇಕು. ಸುತ್ತು ಬಿದ್ದ ಕಡೆ ದಾರಿ ಸೋತಿದೆ ಅಂತ ಅರ್ಥ, ತಿರುಗಿ ಗೆರೆ ಎಳೀಬೇಕು. ಗೆರೆ ಎಳೆದವನು ಸುಳ್ಳು ಹೇಳಬಾರದು ಅಂತ ಇನ್ನೊಂದು ಕಟ್ಟಳೆ. ದಾರಿಗೆ ಕೊನೇ ಬಣ್ಣ ಬೀಳೋ ಮುಂಚೆ ಯಾರ ಕಾಲು ಮುಟ್ಟಿದ್ರೂ ಸುತ್ತು ಹಾಕಬಹುದು. ಹಾಕಿದ್ರೆ, ಗೆರೆ ಎಳೆದವನು ಬಂದು, ಎಲ್ಲರ ಎದುರಿಗೆ, ಆಫೀಸಿನ ಕರಿ ಸೈಕಲ್ ಹತ್ತಿ, 'ಮುಟ್ಟಲ್ಲ ನೋಡಿ' ಅಂತ ತುಳಿದು ತೋರಿಸಬೇಕು. ಇದನ್ನೂ ನಾನೇ ಮಾಡಿದ್ದು.

ಎಷ್ಟು ಜನಕ್ಕೆ ಆ ಕರಿ ಸೈಕಲ್ ಹತ್ತಿಸಿದ್ದೀನಿ ಗೊತ್ತಾ! ಮೇಲ್ಸೇತುವೆ ಇಂಜಿನಿಯರ್ ನೆನಪಿದ್ದಾನಾ, ಆ ದಪ್ಪ ಮೀಸೆಯವನು? ಸೇತುವೆಯ ನಡುಮಧ್ಯ ಬಾಯಿ ತೆರೆದು ಕೂತುಬಿಟ್ಟ. ಮೂರು ಜನ ಹಿಡಿದು ಎಬ್ಬಿಸಬೇಕಾಯ್ತು. ಅವತ್ತು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನೀವೂ ನಕ್ರಿ, ನನ್ನ ಪಕ್ಕದಲ್ಲೇ ನಿಂತಿದ್ರಿ.

ಈಗ ಯಾಕೆ ನಗ್ತಿದ್ದೀರಿ? ಇಲ್ಲ, ನಕ್ರಿ. ತುಟಿ ಅಲ್ಲಾಡಿತು, ನಾನು ನೋಡ್ದೆ.

ನಾಳೆ ಬೆಳಿಗ್ಗೆ ಬಣ್ಣದವರು ಬರ್ತಾರೆ. ದೊಡ್ಡ ಸಾಹೇಬರು ಬರ್ತಾರೆ, ಆಫೀಸಿಗೆ ಆಫೀಸೇ ಬಂದು ನಿಲ್ಲುತ್ತೆ. ನಿವೃತ್ತಿಗೆ ಮುಂಚೆ ನನ್ನ ಕೊನೇ ದಾರಿ ಅಂತ ಎಲ್ಲರಿಗೂ ಕಾಫಿ ಬೇರೆ ತರಿಸ್ತಾರಂತೆ. ಅಲ್ಲಿ, ಎಲ್ಲರ ಕಣ್ಣಿಗೆ ಹೊಡೆಯೋ ಹಾಗೆ, ಏರಿನ ಬುಡದಲ್ಲಿ, ನಿಮ್ಮ ಆ ಬಿಳೀ ಸುತ್ತು! ಆಮೇಲೆ ಯಾರಾದ್ರೂ ಆ ಕರಿ ಸೈಕಲ್ ತಂದು ನನ್ನ ಮುಂದೆ ನಿಲ್ಲಿಸ್ತಾರೆ. ತರೋರು ಯಾರು? ನೀವೇ ತರ್ತೀರಿ! 'ಹತ್ತಿ ಮಾವ' ಅಂತೀರಿ. ಮಾವ ಅನ್ನಲ್ಲ, ಆಫೀಸಲ್ವಾ, 'ಹತ್ತಿ ಸರ್' ಅಂತೀರಿ.

ಹತ್ತೋಕೆ ಹೆದರಿಕೆನಾ ಅಂತ ಹಾಗೆ ನೋಡಬೇಡಿ. ಹೆದರಿಕೆ ಅಂತೆ, ಹೆದರಿಕೆ! ಇದು ಮರ್ಯಾದೆ ಪ್ರಶ್ನೆ ಕಣ್ರೀ. ಹೊರಗಿನವನು ಯಾರಾದ್ರೂ ಹಾಕಿದ್ರೆ ನಕ್ಕು ತುಳಿದು ತೋರಿಸ್ತಿದ್ದೆ. ಮನೆ ಅಳಿಯನೇ ಹಾಕಿದ್ರೆ ಜನ ಏನಂತಾರೆ? ಮಾವ ಅಳಿಯನ ಮಧ್ಯೆ ಏನೋ ಇದೆ ಅಂತಾರೆ. ನನ್ನ ಕುರ್ಚಿ ಮೇಲೆ ನಿಮಗೆ ಕಣ್ಣಿದೆ ಅಂತಾರೆ... ಇದೆಯಾ? ಇದ್ರೆ ಬಾಯಿ ಬಿಟ್ಟು ಹೇಳಿ. ಅದಾದ್ರೂ ಗಂಡಸಿನ ಮಾತು ಅಂದ್ಕೋತೀನಿ.

ಚಪ್ಪಲಿ ನೋಡಿದ್ದು ಸಾಕು, ಇಲ್ಲಿ ನೋಡಿ.

ಆ ದಾರೀಲಿ ತಪ್ಪು ಎಲ್ಲಿದೆ, ಹೇಳಿ! ಶುರುವಿನಿಂದ ಬನ್ನಿ. ಮಾರುಕಟ್ಟೆ ಹತ್ರ ತಿರುವು. ಎಷ್ಟು ಅಗಲ ಬಿಟ್ಟಿದ್ದೀನಿ ನೋಡಿದ್ರಾ? ಬ್ರೇಕ್ ಮುಟ್ಟದೆ, ಸೊಂಟ ಸ್ವಲ್ಪ ವಾಲಿಸಿದ್ರೆ ಸಾಕು, ಸೈಕಲ್ ಹಾಗೇ ತಿರುಗುತ್ತೆ. ಚರಂಡಿ ಮುಚ್ಚಳದ ಸರಳುಗಳನ್ನ ಅಡ್ಡ ಹಾಕಿಸಿದೆ, ಚಕ್ರ ಸಿಕ್ಕಿಹಾಕಿಕೊಳ್ಳಬಾರದು ಅಂತ. ಕಾರುಗಳು ನುಗ್ಗದ ಹಾಗೆ ಕಂಬ ನೆಟ್ಟಿದ್ದೀನಲ್ಲ, ಆ ಕಂಬಗಳ ನಡುವೆ ಹಿಂದೆ ಗಂಟು ಮೂಟೆ ಕಟ್ಟಿಕೊಂಡ ಸೈಕಲ್ ಸಲೀಸಾಗಿ ದಾಟುತ್ತೆ. ಆಸ್ಪತ್ರೆ ಮುಂದಿನ ಸಿಗ್ನಲ್ ಎರಡೂ ಒಂದರ ಹಿಂದೆ ಒಂದು ಹಸಿರಾಗೋ ಹಾಗೆ, ಸೈಕಲ್ ವೇಗಕ್ಕೆ, ಕಾರಿನ ವೇಗಕ್ಕಲ್ಲ, ಸೈಕಲ್ ವೇಗಕ್ಕೆ ಹೊಂದಿಸೋಕೆ ಸಿಗ್ನಲ್‌ನವರ ಜೊತೆ ಎಷ್ಟು ಜಗಳ ಆಡಿದ್ದೀನಿ! ಸೈಕಲ್‌ನವನಿಗೆ ನಿಲ್ಲೋದೇ ಶಿಕ್ಷೆ. ಕಾರಿನವನು ನಿಂತ್ರೆ ಅವನ ಬೆರಳಿಗೂ ನೋವಾಗಲ್ಲ. ಸೈಕಲ್‌ನವನು ನಿಂತ್ರೆ, ಅವನು ಬೆವರು ಸುರಿಸಿ ಕೂಡಿಸಿದ ಓಟ ಅಷ್ಟೂ ಆ ಕ್ಷಣಕ್ಕೆ ಸೋರಿಹೋಗುತ್ತೆ, ಮತ್ತೆ ಸೊನ್ನೆಯಿಂದ ಕೂಡಿಸಬೇಕು. ಯಾರು ಹೇಳಿದ್ದು ಇದನ್ನ ನಿಮಗೆ? ನಾನೇ! ನೀವು ಆಫೀಸಿಗೆ ಬಂದ ಮೊದಲನೇ ದಿನ!

ಏನದು, ನೆಲದ ಮೇಲೆ ಬೆರಳಲ್ಲಿ ಏನ್ ಬರೀತಿದ್ದೀರಿ?... ಹೂಂ. ಇಳಿಜಾರು. ಆಮೇಲೆ ಏರು. ನಡುವೆ ಒಂದು ಚುಕ್ಕೆ. ಗೊತ್ತು, ಗೊತ್ತು. ಬಸ್ ಡಿಪೋ ಗೇಟು.

ನಿಲ್ಲಿಸಿದ್ದೀನಿ. ಹೌದು, ಅಲ್ಲಿ ಸೈಕಲ್ ನಿಲ್ಲಿಸಿದ್ದೀನಿ. ಏನೀಗ? ಡಿಪೋದಿಂದ ಬಸ್ಸು ಬರುತ್ತೆ, ಸೈಕಲ್‌ನವರು ನಿಂತು ದಾರಿ ಬಿಡಬೇಕು ಅಂತ ಅಡ್ಡ ಪಟ್ಟಿ ಹಾಕಿಸಿದೆ. ಬಸ್ಸನ್ನೇ ನಿಲ್ಲಿಸಬಹುದಿತ್ತು ಅಂತ ತಾನೇ ನಿಮ್ಮ ಲೆಕ್ಕ. ನಿಲ್ಲಿಸಬಹುದಿತ್ತು! ಗೇಟಲ್ಲಿ ಒಂದು ಉಬ್ಬು ಹಾಕಿ, ದಾರಿಯನ್ನ ಅಷ್ಟೆತ್ತರಕ್ಕೆ ಏರಿಸಿ ಬಸ್ಸಿನವನೇ ಕಾಯೋ ಹಾಗೆ ಮಾಡಬಹುದಿತ್ತು. ಡಿಪೋದವರು ಬಂದು ಗಲಾಟೆ ಮಾಡಿದ್ರು. ದೊಡ್ಡ ಸಾಹೇಬರು, 'ಒಂದು ಜಾಗ ತಾನೇ, ಬಿಟ್ಟುಕೊಡಿ' ಅಂದ್ರು. ನಾನು ಸುಮ್ಮನೆ ತಲೆ ಆಡಿಸಿಬಿಟ್ಟೆನಾ? ಇಲ್ಲ. ಹೋಗಿ ತುಳಿದು ನೋಡ್ದೆ. ಇಳಿಜಾರಲ್ಲಿ ಬಂದೆ, ಪಟ್ಟಿ ಹತ್ರ ನಿಂತೆ, ಮತ್ತೆ ಹೊರಟೆ. ಏರು ಹತ್ತಿದೆ. ಏನೂ ಆಗಲಿಲ್ಲ! ಒಂದು ಹನಿ ಬೆವರು ಬರಲಿಲ್ಲ. ಗೇಟಿನ ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡ್ತಾ ನಿಂತ. ನಾನು ಹಾಡು ಗುನುಗಿಕೊಂಡು ಹತ್ತಿಹೋದೆ. ಈ ವಯಸ್ಸಲ್ಲಿ!

...ಯಾಕೆ ಹಾಗೆ ನೋಡ್ತೀರಿ? ಹಾಡು ಗುನುಗಬಾರದಾ?

ಅದಕ್ಕೇ ಹೇಳ್ತಿರೋದು, ಆ ಸುತ್ತು ಸುಳ್ಳು. ಅಲ್ಲಿ ಯಾರ ಕಾಲೂ ಸೋತಿಲ್ಲ. ಪಟ್ಟಿ ಹತ್ರ ಒಂದು ಕ್ಷಣ ಮುಟ್ಟಿದ್ರೆ ಅದು ನಿಲ್ಲೋದು, ಅದಕ್ಕೆ ಸುತ್ತು ಇಲ್ಲ. ಆದ್ರೆ ನೀವು ಹಾಕಿರೋದು ಪಟ್ಟಿ ಹತ್ರ ಅಲ್ಲ. ಪಟ್ಟಿ ದಾಟಿ, ಏರು ಶುರುವಾದ ಮೇಲೆ, ಮೂರು ಮಾರು ಮೇಲೆ. ಅಂದ್ರೆ ಹೊರಟು, ತುಳಿಯೋಕೆ ಆಗದೆ, ಯಾರೋ ಇಳಿದಿದ್ದಾರೆ ಅಂತ ತಾನೇ? ಯಾರು? ಯಾರ ಕಾಲು ಅದು? ನಿಮ್ಮದಲ್ಲ. ನೀವು ಎತ್ತಿನ ಹಾಗಿದ್ದೀರಿ, ಆ ಏರನ್ನ ಒಂದೇ ಕಾಲಲ್ಲಿ ಹತ್ತುತೀರಿ. ಮತ್ತೆ ಯಾರದ್ದು? ಇಲ್ಲದ ಕಾಲಿಗೆ ಸುತ್ತು ಹಾಕೋದು ಯಾವ ಪದ್ಧತಿ? ಹೇಳಿ ಅಂದ್ರೆ ಬಾಯಿಗೆ ಬೀಗ! ಬೆಳಗಿಂದ ಕೇಳ್ತಿದ್ದೀನಿ, ಯಾರ ಕಾಲು, ಯಾರ ಕಾಲು ಅಂತ. ಒಳಬಾಗಿಲ ಕಡೆ ನೋಡ್ತೀರಿ, ಚಪ್ಪಲಿ ನೋಡ್ತೀರಿ, ಮುಖ ಒರೆಸಿಕೊಳ್ತೀರಿ.

ನನ್ನ ಹೆಂಡತಿ, ನಿಮ್ಮ ಅತ್ತೆ, ಕಲ್ಲು ಹಾಸಿದ ದಿನದಿಂದ ಆ ದಾರೀಲೇ ಓಡಾಡ್ತಾಳೆ. ಹೊಲಿದ ಬಟ್ಟೆ ಗಂಟು ತನ್ನ ಸೈಕಲ್ ಕ್ಯಾರಿಯರ್‌ಗೆ ಬಿಗಿದುಕೊಂಡು, ದಿನಾ, ಅಂಗಡಿಗೆ ಹೋಗಿ ಬರ್ತಾಳೆ. ಅವಳ ಮಂಡಿ ನೋವು ನಿಮಗೂ ಗೊತ್ತು. ಒಂದು ದಿನ, ಒಂದೇ ಒಂದು ದಿನ, 'ರೀ, ನಿಮ್ಮ ದಾರಿ ಕಷ್ಟ' ಅಂದಿದ್ದಾಳಾ? ಇಲ್ಲ! ನಾನೇ ಕೇಳಿದ್ದೀನಿ. 'ಹೇಗಿದೆಯೇ ದಾರಿ?' ಅಂತ. 'ಚೆನ್ನಾಗಿದೆ' ಅಂದ್ಳು. ಅವಳೇನು ನನ್ನ ಮುಖ ನೋಡಿ ಹೊಗಳೋ ಹೆಂಗಸಲ್ಲ. ಸಾರಿಗೆ ಉಪ್ಪು ಕಮ್ಮಿ ಅಂತ ನಾನಂದ್ರೆ ನಾಲಿಗೆ ಸತ್ತಿದೆ ನಿಮ್ದು ಅನ್ನೋಳು. ಅವಳಿಗೆ ಆಗದ ಕಷ್ಟ ಇನ್ಯಾರಿಗೆ ಆಗುತ್ರೀ?

ತಲೆ ಎತ್ತಿ. ಮಾತಾಡುವಾಗ ತಲೆ ಎತ್ತಿ ನೋಡಬೇಕು, ಅದನ್ನೂ ಹೇಳಿಕೊಡಬೇಕಾ?

ನನಗೆ ಗೊತ್ತು ನಿಮ್ಮ ಹೊಟ್ಟೇಲಿ ಏನಿದೆ ಅಂತ. ಹೋದ ವಾರ ನೀವು ಆಫೀಸಿನ ಜೀಪಲ್ಲಿ ಹೋಗ್ತಾ ನನ್ನನ್ನ ಅದೇ ಏರಲ್ಲಿ ನೋಡಿದ್ರಿ. ನಾನು ಸೈಕಲ್ ತಳ್ಕೊಂಡು ಹೋಗ್ತಿದ್ದೆ. ಜೀಪು ನಿಧಾನ ಆಯ್ತು. ಆಮೇಲೆ ನೋಡದ ಹಾಗೆ ಮುಂದೆ ಹೋಯ್ತು. ದೊಡ್ಡ ಉಪಕಾರ ಮಾಡಿದ್ರಿ! ಅವತ್ತೇ ಅಂದ್ಕೊಂಡೆ, ಇವನು ಇದನ್ನ ಮನಸಲ್ಲಿಟ್ಟುಕೊಂಡು ಒಂದಲ್ಲ ಒಂದು ದಿನ ಬಾಲ ಬಿಚ್ಚುತಾನೆ ಅಂತ. ಬಿಚ್ಚಿದೆ ನೋಡು ನೀನು! ಅದೊಂದು ದಿನದ ಮಾತಿಗೆ... ಒಂದೇ ದಿನ ಕಣಯ್ಯಾ ಅದು! ಅವತ್ತು ಚಾರ್ಜ್ ಖಾಲಿ ಆಗಿತ್ತು, ಅದಕ್ಕೇ ತಳ್ಳಬೇಕಾಯ್ತು, ಇಲ್ಲದಿದ್ರೆ ನಾನು ಯಾವತ್ತಾದ್ರೂ...

...

ಫೋನಿಂದು. ಫೋನಿನ ಚಾರ್ಜು. ಫೋನ್ ಬರೋದಿತ್ತು ಒಂದು, ಅದಕ್ಕೆ ಇಳಿದು... ನಿಂತು... ಫೋನು...

ನಗಿ. ನಕ್ಕುಬಿಡಿ. ಅಯ್ಯೋ, ಈಗ ಯಾಕೆ ನಗ್ತಿಲ್ಲ? ಆಗಿನಿಂದ ತುಟಿ ಕೊಂಕಿಸಿಕೊಂಡು ಕೂತಿದ್ರಲ್ಲ!

ಹೌದ್ರೀ! ಮೋಟರ್! ಹಿಂದಿನ ಚಕ್ರದ ನಡುವೆ ಇದೆ, ನೋಡ್ಕೊಳ್ಳಿ, ಬಗ್ಗಿ ನೋಡ್ಕೊಳ್ಳಿ. ಬ್ಯಾಟರಿ ಈ ದಪ್ಪ ಕೊಳವೆ ಒಳಗೆ. ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ, ಗೊತ್ತಾಗಬಾರದು ಅಂತಲೇ ಬೇರೆ ಊರಿಗೆ ಹೋಗಿ ತಂದೆ. ಹ್ಯಾಂಡಲ್ ಕೆಳಗೆ ಒಂದು ಗುಂಡಿ. ಒತ್ತಿದ್ರೆ ಆಯ್ತು, ತಾನೇ ಎಳ್ಕೊಂಡು ಹೋಗುತ್ತೆ. ನಿಂತ್ರೇನು, ಹೊರಟ್ರೇನು, ಏರಾದ್ರೇನು? ಕಾಲು ಸುಮ್ಮನೆ ಆಡಿಸ್ತಿದ್ರೆ ಸಾಕು. ಸಿಕ್ಕಿಬಿದ್ದ ಕಳ್ಳ! ಸಂತೋಷ ಆಯ್ತಾ? ಹೋಗಿ, ಆಫೀಸಲ್ಲಿ ಡಂಗುರ ಹೊಡೀರಿ. ಗೆರೆ ಎಳೆದವನೇ ತುಳೀಬೇಕು ಅಂದವನು ತುಳೀಲೇ ಇಲ್ಲ ಅಂತ ಹೇಳಿ. ಆ ದಪ್ಪ ಮೀಸೆಯವನಿಗೆ ಮೊದಲು ಫೋನ್ ಮಾಡಿ, ಪಾಪ, ಅವನು ಹೊಟ್ಟೆ ತುಂಬ ನಗಲಿ.

ಏನು ಮಾಡ್ಲಿ ಮತ್ತೆ? ಹೇಳಿ, ಏನು ಮಾಡ್ಲಿ? ಚಳಿಗಾಲದಲ್ಲಿ ಆಫೀಸ್ ಕೆಲಸ ಅಂತ ಒಂದು ವಾರ ಹೋಗಿದ್ದೆನಲ್ಲ, ಅದು ಆಫೀಸ್ ಕೆಲಸ ಅಲ್ಲ. ಆಸ್ಪತ್ರೆ. ಇಲ್ಲಿ, ಎದೆ ಒಳಗೆ, ಎರಡು ಕಡೆ ರಕ್ತನಾಳ ಕಟ್ಟಿಕೊಂಡಿತ್ತಂತೆ. ಬಿಡಿಸಿ ಏನೋ ಸ್ಪ್ರಿಂಗ್ ಥರದ್ದು ಇಟ್ಟಿದ್ದಾರೆ. ಡಾಕ್ಟರ್ ಹೇಳಿದ, ನಡೀರಿ, ಏರು ಮಾತ್ರ ತುಳೀಬೇಡಿ ಅಂತ. ಏರು ತುಳಿಯದವನಿಗೆ ನಮ್ಮ ವಿಭಾಗದಲ್ಲಿ ಏನ್ ಕೆಲಸ ಇದೆ ಹೇಳಿ? ನಾನೇ ಮಾಡಿದ ಕಟ್ಟಳೆ! ನನ್ನ ಮೇಜು ಖಾಲಿ ಮಾಡಿಸಿ ಯಾವುದೋ ಮೂಲೆಗೆ ಹಾಕ್ತಿದ್ರು. ಕೊನೇ ದಾರಿ ಕಣ್ರೀ ಇದು. ಇದೊಂದು ಮುಗಿಸಿ ಹೋಗೋಣ ಅಂತ ಆಸೆ ಪಟ್ಟೆ. ತಪ್ಪಾ?

ನಿಮ್ಮ ಅತ್ತೆಗೆ ಗೊತ್ತಿಲ್ಲ. ಗೊತ್ತಾಗಲೂಬಾರದು. ಅದು ನೆನಪಿರಲಿ. ಒಂದು ಮಾತು ಹೊರಗೆ ಬಿದ್ರೆ... ನಾನು ಹೇಳ್ತಿದ್ದೀನಿ, ಮುಖ ನೋಡಲ್ಲ ನಿಮ್ದು. ಮೆಟ್ಟಿಲ ಮೇಲೆ ಒಂದು ಸಲ ಕೆಮ್ಮಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡದ ಹೆಂಗಸು ಅವಳು. ಎದೆ ವಿಷಯ ಗೊತ್ತಾದ್ರೆ ಅಷ್ಟೇ, ಅವಳೇ ಹಾಸಿಗೆ ಹಿಡೀತಾಳೆ. ಅದಕ್ಕೇ ಚಾರ್ಜರ್ ವೈರನ್ನೂ ಇಲ್ಲಿ, ಈ ಹಳೇ ಪೇಪರ್ ಕಟ್ಟುಗಳ ಹಿಂದೆ ಇಟ್ಟಿದ್ದೀನಿ. ಕಳ್ಳನ ಥರ ಬಂದು ಸಿಕ್ಕಿಸಿ ಹೋಗ್ತೀನಿ. ಅದೂ ನೆನಪಾದ್ರೆ. ಸುಸ್ತಾಗಿ ಬಂದು ಹಾಗೇ ಮಲಗಿಬಿಡೋದೇ ಹೆಚ್ಚು. ಒಳ್ಳೇ ಬ್ಯಾಟರಿ, ಪಾಪ. ಒಂದು ಸಲ ತುಂಬಿಸಿದ್ರೆ ಒಂದು ದಿನ ಬರುತ್ತೆ ಅಂದಿದ್ದ ಅಂಗಡಿಯವನು. ನಾನು ವಾರಗಟ್ಟಲೆ ಚಾರ್ಜರ್ ಮುಟ್ಟದಿದ್ರೂ ಬೆಳಿಗ್ಗೆ ನೋಡಿದ್ರೆ ತುಂಬಿಕೊಂಡೇ...

...ಯಾಕೆ ಎದ್ದು ನಿಂತ್ರಿ? ಕೂತ್ಕೊಳ್ಳಿ. ಮಾತು ಮುಗಿದಿಲ್ಲ.

ತುಂಬಿಕೊಂಡೇ ಇರುತ್ತೆ. ಅದೇ ಹೇಳ್ತಿದ್ದೆ. ನಾನು ಹಾಕಿರಲ್ಲ, ಆದ್ರೂ ತುಂಬಿರುತ್ತೆ. ಅವತ್ತೊಂದು ದಿನ ಮಾತ್ರ ಇರಲಿಲ್ಲ. ನೀವು ಜೀಪಲ್ಲಿ ನೋಡಿದ್ರಲ್ಲ, ಅವತ್ತು. ಅವತ್ತೇನಾಗಿತ್ತು ಅಂದ್ರೆ, ನಾನೊಬ್ಬನೇ ಇದ್ದೆ ಮನೇಲಿ. ನಿಮ್ಮ ಮಗೂಗೆ ಜ್ವರ ಅಂತ ನಿಮ್ಮ ಅತ್ತೆ ಎರಡು ದಿನ ನಿಮ್ಮ ಮನೇಲೇ...

ನಿಮ್ಮ ಮನೇಲೇ ಇದ್ಳು.

ಅಳಿಯಂದ್ರೇ. ನನ್ನ ಕಡೆ ನೋಡಿ. ಬಾಗಿಲ ಕಡೆ ಅಲ್ಲ, ನನ್ನ ಕಡೆ. ಈ ವೈರು ಇಷ್ಟು ನೀಟಾಗಿ ಸುತ್ತಿಟ್ಟಿರೋದು ಯಾರು? ನಾನು ಸುತ್ತಿದ್ರೆ ಹೀಗಿರಲ್ಲ. ಇದು ನೂಲುಂಡೆ ಸುತ್ತೋರು ಸುತ್ತಿರೋದು... ಎಷ್ಟು ದಿನದಿಂದ ಗೊತ್ತು ಅವಳಿಗೆ? ಚಳಿಗಾಲದಿಂದಲೇನಾ? ಆಸ್ಪತ್ರೆಯದ್ದೂ ಗೊತ್ತಾ? ನಿಮಗೂ ಗೊತ್ತಿತ್ತಾ? ಮಗಳಿಗೂ? ಎಲ್ಲರಿಗೂ ಗೊತ್ತಿದ್ದು ನಾನೊಬ್ಬನೇ ಇಲ್ಲಿ ಹಳೇ ಪೇಪರ್ ಹಿಂದೆ ಬಚ್ಚಿಟ್ಟುಕೊಂಡು...

ಬೇಡ. ಅದು ಬಿಡಿ, ಅದು ಆಮೇಲೆ. ಇನ್ನೊಂದು ಕೇಳ್ತೀನಿ. ಆ ಸುತ್ತು. ಏರಿನ ಬುಡದಲ್ಲಿ ಹಾಕಿದ್ರಲ್ಲ, ಆ ಪಾದ ಚಿಕ್ಕದು. ಗಂಡಸಿನ ಪಾದ ಅಲ್ಲ. ಬೆಳಿಗ್ಗೆ ನೋಡಿದಾಗಲೇ ಅನ್ನಿಸಿತ್ತು, ಯಾವುದೋ ಶಾಲೆ ಹುಡುಗೀದು ಅಂದ್ಕೊಂಡು ಸುಮ್ಮನಾದೆ.

ಅವಳದ್ದಾ?

ದಿನಾ ಅಲ್ಲಿ ಇಳೀತಾಳಾ? ಇಳಿದು ತಳ್ತಾಳಾ, ಅಷ್ಟು ದೊಡ್ಡ ಗಂಟು ಸಮೇತ, ಆ ಮಂಡಿ ಇಟ್ಕೊಂಡು? 'ಚೆನ್ನಾಗಿದೆ' ಅಂದ್ಳಲ್ಲ ನನ್ನ ಹತ್ರ... ನಿಂತು ಹೊರಡೋದು ಏನು ಕಷ್ಟ ಅಂತ ನಾನು ಗುಂಡಿ ಒತ್ತಿಕೊಂಡು ಹಾಡು ಗುನುಗ್ತಾ ಹೋದ ಜಾಗದಲ್ಲಿ ಅವಳು ಇಳಿದು ತಳ್ಕೊಂಡು ಹತ್ತಿ, ಮನೆಗೆ ಬಂದು, ನನಗೆ ಅಡುಗೆ ಮಾಡಿ ಹಾಕಿ, ನಾನು ಮಲಗಿದ ಮೇಲೆ ಇಲ್ಲಿಗೆ ಬಂದು ನನ್ನ ಸೈಕಲ್‌ಗೆ ಚಾರ್ಜ್ ಹಾಕ್ತಾಳಾ?

ಇಲ್ಲ ಅನ್ನಿ. ಬೆಳಗಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೀರಿ, ನಾನು ಏನೇನೋ ಅಂದೆ, ಒಂದಕ್ಕೂ ತಿರುಗಿ ಮಾತಾಡಲಿಲ್ಲ. ಈಗ ಒಂದೇ ಒಂದು ಸಲ, ನಿಮಗೆ ಕೈ ಮುಗಿದು ಕೇಳ್ತೀನಿ ಅಳಿಯಂದ್ರೇ, ಬಾಯಿ ಬಿಟ್ಟು 'ಇಲ್ಲ' ಅನ್ನಿ.